ಕರಗದಿದ್ದರೆ ಸಾಲದು, ಜೋತು ಬೀಳಲೂ ಬಾರದು

ಪ್ರಶ್ನೆ: ಮೇಷ್ಟ್ರೇ, ಮದ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಕೋಳಿ ಶೆಡ್ಡು ಇದೆ. ಮರಿ ಇಳಿಸಿದ ಮೊದಲ ಎರಡು ಮೂರು ವಾರ ಕಾವಿಗೆ ಹಳೇ ಕಾಲದ 100 ವ್ಯಾಟಿನ ಬಲ್ಬೇ ಹಾಕೋದು. ಎಲ್‌ಇಡಿಯಲ್ಲಿ ಬೆಳಕು ಬರುತ್ತೆ, ಕಾವು ಬರಲ್ಲ. ತೊಂದರೆ ಏನಂದ್ರೆ, ಕರೆಂಟು ಹೋಗಿ ಬಂದಾಗಲೆಲ್ಲ ಒಂದೆರಡು ಬಲ್ಬು ಟಪ್ ಅಂತ ಸುಟ್ಟುಹೋಗುತ್ತೆ. ಅದೇ ನಮ್ಮ ಮನೆಯ ಕರೆಂಟು ಒಲೆಯ ಕಾಯಿಲ್ ಏಳು ವರ್ಷದಿಂದ ಬಯಲಲ್ಲೇ ಕೆಂಪಗೆ ಕಾಯ್ತಾ ಇದೆ, ಏನೂ ಆಗಿಲ್ಲ. ಆ ತಂತಿಯನ್ನೇ ಬಲ್ಬಿಗೂ ಯಾಕೆ ಹಾಕಬಾರದು? ಬಿಸಿ ತಡೆಯೋಕೆ ಇನ್ನೂ ಗಟ್ಟಿ ಮಿಶ್ರಲೋಹ ಯಾರೂ ಮಾಡಲಿಲ್ವಾ?

ಉತ್ತರ: ನಿಮ್ಮ ಒಲೆಯ ಕಾಯಿಲ್ ನೈಕ್ರೋಮ್, ಅಂದರೆ ನಿಕ್ಕಲ್ ಮತ್ತು ಕ್ರೋಮಿಯಂ ಸೇರಿಸಿ ಮಾಡಿದ ಮಿಶ್ರಲೋಹ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇದು ಬಯಲಲ್ಲಿ ಬಾಳುವುದಕ್ಕೆ ಕಾರಣ ಕ್ರೋಮಿಯಂ. ಕಾದಾಗ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ತಂತಿಯ ಮೈಮೇಲೆ ತೆಳ್ಳನೆಯ ಚಕ್ಕಳ ಕಟ್ಟುತ್ತದೆ. ಹಾಲಿನ ಕೆನೆ ಇದ್ದ ಹಾಗೆ. ಆ ಚಕ್ಕಳದ ಕೆಳಗೆ ಗಾಳಿ ಇಳಿಯುವುದಿಲ್ಲ, ಹಾಗಾಗಿ ಒಳಗಿನ ಲೋಹ ಸುಡುವುದಿಲ್ಲ.

ಆದರೆ ಅದರ ತಾಕತ್ತು ಸುಮಾರು 1,150 ಡಿಗ್ರಿ ಸೆಲ್ಸಿಯಸ್‌ಗೆ ಮುಗಿಯಿತು. 1,400ರ ಆಸುಪಾಸಿನಲ್ಲಿ ಕರಗಿ ಹನಿಯಾಗುತ್ತದೆ. ಬಲ್ಬಿನ ತಂತಿ ಇರುವುದು 2,500 ಡಿಗ್ರಿಯ ಹತ್ತಿರ. ಅಷ್ಟು ಬಿಸಿ ಏಕೆ ಬೇಕು ಎನ್ನುವುದಕ್ಕೆ ಕಮ್ಮಾರನ ಕುಲುಮೆಯನ್ನು ನೆನಪಿಸಿಕೊಳ್ಳಿ. ಕುಡುಗೋಲಿನ ಕಬ್ಬಿಣ ಮೊದಲು ಕಪ್ಪುಗೆಂಪು, ಆಮೇಲೆ ಕೆಂಡದ ಬಣ್ಣ, ಆಮೇಲೆ ಹಳದಿ. ಬಿಸಿ ಸ್ವಲ್ಪ ಏರಿದರೂ ಬೆಳಕು ವಿಪರೀತ ಏರುತ್ತದೆ. ಒಲೆಯ ಕಾಯಿಲ್ಲಿನ 1,100 ಡಿಗ್ರಿಗೂ ಬಲ್ಬಿನ 2,500 ಡಿಗ್ರಿಗೂ ಹೋಲಿಸಿದರೆ, ಅಷ್ಟೇ ಅಗಲದ ಮೈಯಿಂದ ಹೊರಡುವ ಬೆಳಕು ಸಾವಿರಾರು ಪಟ್ಟು ಹೆಚ್ಚು. ಒಲೆಯ ಬೆಳಕಲ್ಲಿ ಪೇಪರ್ ಓದಲಾಗುವುದಿಲ್ಲ ಅಲ್ಲವೇ, ಅದಕ್ಕೇ.

ಇನ್ನು, ಮಿಶ್ರಲೋಹ ಅಂದ ತಕ್ಷಣ ಅದು ಹೆಚ್ಚು ಬಿಸಿ ತಡೆಯುತ್ತದೆ ಅಂದುಕೊಳ್ಳುವವರು ನೀವೊಬ್ಬರೇ ಅಲ್ಲ. ನಾನು ಪಾಠ ಹೇಳುತ್ತಿದ್ದಾಗ ಪ್ರತಿ ವರ್ಷ ಒಬ್ಬ ಹುಡುಗನಾದರೂ ಹಾಗೆ ಬರೆಯುತ್ತಿದ್ದ. ಸಾಮಾನ್ಯವಾಗಿ ಆಗುವುದು ಉಲ್ಟಾ. ಒಂದು ಲೋಹಕ್ಕೆ ಇನ್ನೊಂದನ್ನು ಬೆರೆಸಿದರೆ ಅದು ಬೇಗ ಕರಗುತ್ತದೆ, ಬೆಸುಗೆಯ ಸೀಸ-ತವರದ ಹಾಗೆ. ಬಲ್ಬಿನ ಮಟ್ಟದ ಬಿಸಿಗೆ ಆಯ್ಕೆ ಇರುವುದೇ ಕೆಲವೇ ಲೋಹಗಳಲ್ಲಿ. ಪ್ಲಾಟಿನಂ 1,768ಕ್ಕೆ ಕರಗುತ್ತದೆ, ಮಾಲಿಬ್ಡಿನಂ 2,623ಕ್ಕೆ, ಟ್ಯಾಂಟಲಂ 3,017ಕ್ಕೆ, ಆಸ್ಮಿಯಂ 3,033ಕ್ಕೆ. ಎಲ್ಲಕ್ಕಿಂತ ಮೇಲೆ ಟಂಗ್‌ಸ್ಟನ್, 3,422 ಡಿಗ್ರಿ.

ಹಾಗಾದರೆ ಮೊದಲ ದಿನವೇ ಟಂಗ್‌ಸ್ಟನ್ ಹಾಕಿಬಿಡಬಹುದಿತ್ತಲ್ಲ ಎನ್ನಿಸುತ್ತದೆ. ಎಡಿಸನ್ 1879ರಲ್ಲಿ ಹಾಕಿದ್ದು ಇಂಗಾಲದ ಎಳೆ. ಇಂಗಾಲ ಕರಗುವುದಿಲ್ಲ, ನಿಜ. ಆದರೆ ಬಿಸಿ ಜಾಸ್ತಿ ಮಾಡಿದರೆ ಆವಿಯಾಗಿ ಹಾರಿಹೋಗಿ ಗಾಜಿಗೆ ಮಸಿ ಬಳಿಯುತ್ತದೆ. ಅದಕ್ಕೇ ಅದನ್ನು ಮಂದವಾಗಿಯೇ ಉರಿಸಬೇಕಾಗುತ್ತಿತ್ತು. ನಮ್ಮ ಕಡೆಯ ಚರಿತ್ರೆಗೆ ಇದನ್ನು ಹೊಂದಿಸಿ ನೋಡಿ. ನಿಮ್ಮದೇ ಜಿಲ್ಲೆಯ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ, 1908ರಲ್ಲಿ ಮೈಸೂರಿಗೆ. ಈ ಮೂರೂ ವರ್ಷಗಳಲ್ಲಿ ಜಗತ್ತಿನ ಬಲ್ಬಿನ ಅಂಗಡಿಗಳಲ್ಲಿ ಇಂಗಾಲದ ಎಳೆಯದೇ ದರ್ಬಾರು. ನಾವಿಂದು ನೆನೆಯುವ ಆ ಝಗಮಗ ಆಗಿನ್ನೂ ಹಬ್ಬಿರಲಿಲ್ಲ.

ಅದೇ ಹೊತ್ತಿನಲ್ಲಿ ಯುರೋಪಿನಲ್ಲಿ ಲೋಹಗಳ ಹುಡುಕಾಟ ಜೋರಾಗಿತ್ತು. ಆಸ್ಟ್ರಿಯಾದ ಔವರ್ ಫಾನ್ ವೆಲ್ಸ್‌ಬಾಖ್ ಆಸ್ಮಿಯಂ ಎಳೆಯ ದೀಪ ಮಾಡಿದ. ಬೆಳಕು ಚೆನ್ನಾಗಿತ್ತು. ಆದರೆ ಆಸ್ಮಿಯಂ ಬಲು ಅಪರೂಪ, ಮುಟ್ಟಿದರೆ ಪುಡಿ. ಜರ್ಮನಿಯ ಸೀಮೆನ್ಸ್ ಅಂಡ್ ಹಾಲ್‌ಸ್ಕೆ ಕಂಪನಿಯಲ್ಲಿ ಫಾನ್ ಬೋಲ್ಟನ್ ಟ್ಯಾಂಟಲಂ ತಂತಿ ಎಳೆದ, 1905ರ ಹೊತ್ತಿಗೆ ಆ ಬಲ್ಬು ಮಾರಾಟಕ್ಕೂ ಬಂತು. ಬಾಗಿಸಿದರೆ ಬಾಗುವ ಒಳ್ಳೆಯ ಲೋಹ ಅದು. ಆದರೆ ಎಸಿ ಕರೆಂಟು ಕೊಟ್ಟರೆ ಬೇಗ ತುಂಡುತುಂಡಾಗುತ್ತಿತ್ತು. ಯುಸ್ಟ್ ಮತ್ತು ಹಾನಾಮಾನ್ ಎಂಬಿಬ್ಬರು 1904ರಲ್ಲಿ ಟಂಗ್‌ಸ್ಟನ್ನಿಗೇ ಕೈಹಾಕಿದರು. ಪುಡಿಯನ್ನು ಅಂಟಿನಲ್ಲಿ ಕಲಸಿ, ಸಂಡಿಗೆ ಒತ್ತಿದ ಹಾಗೆ ಸಣ್ಣ ತೂತಿನಿಂದ ಒತ್ತಿ, ಸುಟ್ಟು ಎಳೆ ಮಾಡಿದರು. ಉರಿಯುವಾಗ ಅದ್ಭುತ, ಆದರೆ ಪೆಟ್ಟಿಗೆ ಕೆಳಗೆ ಬಿದ್ದರೆ ಕಥೆ ಮುಗಿಯಿತು.

ಅಂದರೆ ಲೋಹ ಗೊತ್ತಿತ್ತು, ಪಳಗಿಸುವುದು ಗೊತ್ತಿರಲಿಲ್ಲ. ಟಂಗ್‌ಸ್ಟನ್ ಅನ್ನು ಕರಗಿಸಿ ಎರಕ ಹೊಯ್ಯೋಣವೆಂದರೆ ಅದನ್ನು ಹಿಡಿದಿಡುವ ಪಾತ್ರೆ ಯಾವುದು? ಪಾತ್ರೆಯೇ ಮೊದಲು ಕರಗುತ್ತದೆ. ಹಾಗಾಗಿ ಅದರ ಆಕ್ಸೈಡನ್ನು, ಅಂದರೆ ಆಮ್ಲಜನಕದ ಜೊತೆ ಸೇರಿದ ರೂಪವನ್ನು, ಹೈಡ್ರೋಜನ್ನಿನಲ್ಲಿ ಕಾಯಿಸಿ ಲೋಹದ ಪುಡಿ ಮಾಡುತ್ತಾರೆ. ಅದನ್ನು ಒತ್ತಿ ಕಡ್ಡಿ ಮಾಡಿ, ಕಡ್ಡಿಯ ಮೂಲಕವೇ ಕರೆಂಟು ಹಾಯಿಸಿ ಕರಗುವ ಅಂಚಿನವರೆಗೆ ಕಾಯಿಸಿ ಕಣಗಳನ್ನು ಬೆಸೆಯುತ್ತಾರೆ. ಆ ಕಡ್ಡಿ ಗಾಜಿನಷ್ಟು ಪೆಡಸು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಜ್ 1909–10ರಲ್ಲಿ ಕಂಡುಕೊಂಡದ್ದು ಇಷ್ಟು: ಇದನ್ನು ಬಿಸಿಯಲ್ಲೇ ಬಡಿಯಬೇಕು, ಆದರೆ ಲೋಹದೊಳಗಿನ ಸಣ್ಣ ಸಣ್ಣ ಹರಳುಗಳು ಹೊಸದಾಗಿ ಬೆಳೆಯುವಷ್ಟು ಬಿಸಿ ಇರಬಾರದು. ಬಡಿದಂತೆಲ್ಲ ಒಳಗಿನ ಹರಳುಗಳು ಉದ್ದಕ್ಕೆ ಎಳೆದುಕೊಂಡು ತೆಂಗಿನ ನಾರಿನಂತೆ ಒಂದರ ಪಕ್ಕ ಒಂದು ಮಲಗುತ್ತವೆ. ಉಳಿದ ಲೋಹಗಳು ಬಡಿದಷ್ಟೂ ಪೆಡಸಾಗುತ್ತವೆ, ಇದು ಬಡಿದಷ್ಟೂ ಮೆತುವಾಗುತ್ತದೆ. ಕೊನೆಗೆ ಅಕ್ಕಸಾಲಿಗರು ಚಿನ್ನದ ತಂತಿ ಎಳೆಯುವಂತೆ, ವಜ್ರದಲ್ಲಿ ಕೊರೆದ ತೂತುಗಳ ಮೂಲಕ ಎಳೆದು ಎಳೆದು ಕೂದಲಿಗಿಂತ ತೆಳ್ಳಗೆ ಮಾಡಬಹುದು. ಎಳೆದದ್ದೇ ಎಳೆ, ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು. ನಿಮ್ಮ 100 ವ್ಯಾಟಿನ ಬಲ್ಬಿನ ಸುರುಳಿ ಬಿಚ್ಚಿದರೆ ಮುಕ್ಕಾಲು ಮೀಟರಿಗೂ ಹೆಚ್ಚು ಉದ್ದ ಬರುತ್ತದೆ.

ಇಲ್ಲಿಗೆ ಮುಗಿಯಲಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಮುಂದಿನದು.

ಇಷ್ಟು ಕಷ್ಟಪಟ್ಟು ಮಾಡಿದ ನಾರನ್ನು ಬಲ್ಬಿನೊಳಗೆ 2,500 ಡಿಗ್ರಿಗೆ ಏರಿಸಿದರೆ, ಹರಳುಗಳು ಮತ್ತೆ ಬೆಳೆಯಲು ಶುರುಮಾಡುತ್ತವೆ. ಬೆಳೆದು ಬೆಳೆದು ಒಂದೊಂದು ಹರಳೂ ತಂತಿಯ ಪೂರ್ತಿ ಅಗಲಕ್ಕೆ ಹರಡಿಕೊಂಡರೆ, ತಂತಿ ಬಿದಿರಿನ ಗಣ್ಣುಗಳ ಸಾಲಿನಂತಾಗುತ್ತದೆ. ಗಣ್ಣಿನ ಜಾಗದಲ್ಲಿ ಒಂದು ಹರಳು ಇನ್ನೊಂದರ ಮೇಲಿಂದ ಮೆಲ್ಲಗೆ ಜಾರುತ್ತದೆ. ಸುರುಳಿ ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತದೆ, ಸುತ್ತಿಗೆ ಸುತ್ತು ತಾಗಿದರೆ ಬಲ್ಬು ಹೋಯಿತು. ಕರಗಲು ಇನ್ನೂ 900 ಡಿಗ್ರಿ ಬಾಕಿ ಇದ್ದರೂ ಈ ಗತಿ.

ಇದಕ್ಕೆ ಮದ್ದು ಸಿಕ್ಕಿದ್ದು ಕೊಳೆಯಲ್ಲಿ. ಬ್ಯಾಟರ್ಸಿ ಎಂಬ ಹೆಸರಿನ ಜೇಡಿಮಣ್ಣಿನ ಮೂಸೆಗಳಲ್ಲಿ ಸುಟ್ಟ ಟಂಗ್‌ಸ್ಟನ್ನಿನ ತಂತಿ ಬೇರೆಯದಕ್ಕಿಂತ ಚೆನ್ನಾಗಿ ಬಾಳುವುದು ಕಂಡುಬಂದಿತ್ತು. ಮೂಸೆಯ ಮಣ್ಣಿನಿಂದ ಏನೋ ಒಳಗೆ ಸೇರುತ್ತಿತ್ತು. ಅಲಾದಾರ್ ಪಾಟ್ಸ್ ಎಂಬ ರಸಾಯನಶಾಸ್ತ್ರಜ್ಞ 1917ರ ಹೊತ್ತಿಗೆ ಅದನ್ನು ಬೇಕೆಂದೇ ಬೆರೆಸಿ, ಜೋತು ಬೀಳದ ತಂತಿ ಮಾಡಿದ. ನಿಜಕ್ಕೂ ಕೆಲಸ ಮಾಡುತ್ತಿದ್ದದ್ದು ಪೊಟ್ಯಾಸಿಯಂ. ನೀವು ಕಬ್ಬಿಗೆ ಹಾಕುವ ಪೊಟ್ಯಾಶ್ ಗೊಬ್ಬರದಲ್ಲಿ ಇರುವುದೂ ಅದೇ. 64 ಡಿಗ್ರಿಗೆ ಕರಗಿ, 760ಕ್ಕೆ ಆವಿಯಾಗುವ ಮೆತ್ತನೆ ಲೋಹ. ಅದು ಟಂಗ್‌ಸ್ಟನ್ನಿನ ಜೊತೆ ಬೆರೆಯುವುದೇ ಇಲ್ಲ. ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲಿಗಿಂತಲೂ ಕಡಿಮೆ ಪೊಟ್ಯಾಸಿಯಂ ತಂತಿಯೊಳಗೆ ಸಿಕ್ಕಿಬಿದ್ದು, ಕಾದಾಗ ಆವಿಯಾಗಿ, ಕಣ್ಣಿಗೆ ಕಾಣದ ಗುಳ್ಳೆಗಳ ಸಾಲುಗಳಾಗುತ್ತದೆ. ಬೆಳೆಯಲು ಹೊರಟ ಹರಳಿಗೆ ಈ ಸಾಲುಗಳು ಗದ್ದೆಯ ಬದುವಿನಂತೆ ಅಡ್ಡ ನಿಲ್ಲುತ್ತವೆ. ಅಡ್ಡಡ್ಡ ಬೆಳೆಯಲಾಗದೆ ಹರಳುಗಳು ಉದ್ದಕ್ಕೆ ಬೆಳೆದು, ಬಾಳೆಗೊನೆಯ ಹಣ್ಣುಗಳಂತೆ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಜಾರಲು ಜಾಗವೇ ಇಲ್ಲ. ತಂತಿ ಸರಿಯಾಗಿ ನಿಲ್ಲುತ್ತದೆ ಎನ್ನುವುದು ಕಾರ್ಖಾನೆಯವರಿಗೆ ಆಗಲೇ ಗೊತ್ತಾಗಿತ್ತು. ಏಕೆ ನಿಲ್ಲುತ್ತದೆ ಎನ್ನುವುದು ತಿಳಿದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೈಗೆ ಬಂದು 1960–70ರ ದಶಕ ಬಂದ ಮೇಲೆ. ಅಲ್ಲಿಯವರೆಗೆ ಲೋಕದ ಬಲ್ಬುಗಳೆಲ್ಲ ಕಾರಣ ಗೊತ್ತಿಲ್ಲದ ಪಾಕದಲ್ಲಿ ಉರಿಯುತ್ತಿದ್ದವು. ಆಲೆಮನೆಯ ಹಿರಿಯರು ಬೆಲ್ಲದ ಪಾಕದ ಹದ ನೋಡುವಾಗ ಕಾರಣ ಕೇಳುತ್ತಾರೆಯೇ?

ಈಗ ನಿಮ್ಮ ಟಪ್ ಶಬ್ದಕ್ಕೆ ಬರೋಣ. ಟಂಗ್‌ಸ್ಟನ್ ಕೂಡ ನಿಧಾನವಾಗಿ ಆವಿಯಾಗುತ್ತಲೇ ಇರುತ್ತದೆ. 1913ರಲ್ಲಿ ಲ್ಯಾಂಗ್ಮ್ಯೂರ್ ಎಂಬ ವಿಜ್ಞಾನಿ ಬಲ್ಬಿನೊಳಗೆ ಅನಿಲ ತುಂಬಿ, ತಂತಿಯನ್ನು ಸುರುಳಿ ಸುತ್ತಿ ಈ ಆವಿಯಾಟವನ್ನು ತಗ್ಗಿಸಿದ, ಪೂರ್ತಿ ನಿಲ್ಲಿಸಲಾಗಲಿಲ್ಲ. ಎಲ್ಲೋ ಒಂದು ಕಡೆ ತಂತಿ ಕೊಂಚ ಸವೆದರೆ ಅಲ್ಲಿ ಕರೆಂಟಿಗೆ ತಡೆ ಹೆಚ್ಚು, ಬಿಸಿ ಹೆಚ್ಚು, ಹಾಗಾಗಿ ಸವೆತವೂ ಹೆಚ್ಚು. ಜೊತೆಗೆ ತಣ್ಣಗಿನ ಟಂಗ್‌ಸ್ಟನ್ನಿನ ತಡೆ ಬಹಳ ಕಡಿಮೆ. ನಿಮ್ಮ ಬಲ್ಬು ಉರಿಯುವಾಗ ತಡೆ ಸುಮಾರು 530 ಓಮ್, ತಣ್ಣಗಿದ್ದಾಗ 40ರ ಆಸುಪಾಸು. ಆದ್ದರಿಂದ ಕರೆಂಟು ಬಂದ ಆ ಕ್ಷಣದಲ್ಲಿ ಹತ್ತು ಪಟ್ಟಿಗೂ ಹೆಚ್ಚು ವಿದ್ಯುತ್ ನುಗ್ಗುತ್ತದೆ, ಸವೆದ ಜಾಗ ಬೇರೆಲ್ಲಕ್ಕಿಂತ ಮೊದಲೇ ಕಾದು ತುಂಡಾಗುತ್ತದೆ. ರಾತ್ರಿ ಹೊತ್ತು ವೋಲ್ಟೇಜ್ ಏರಿದರೂ ಕಷ್ಟವೇ. ಶೇ 5ರಷ್ಟು ಹೆಚ್ಚಾದರೆ ಬಲ್ಬಿನ ಆಯಸ್ಸು ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ನಿಮಗೆ ಬೇಕಿರುವುದು ಕಾವು ತಾನೇ? ಮೇವು ನೀರು ಹುಡುಕಲು ಮರಿಗಳಿಗೆ ಬೆಳಕೂ ಬೇಕು, ಆದರೆ ಅದಕ್ಕೆ ಬೇರೆ ಎಲ್‌ಇಡಿ ಸಾಕು. ಎಲೆಕ್ಟ್ರಿಷಿಯನ್ ಕರೆಸಿ 200 ವ್ಯಾಟಿನ ಎರಡು ಬಲ್ಬನ್ನು ಸೀರಿಯಲ್ ಸೆಟ್ಟಿನ ಹಾಗೆ ಒಂದರ ಹಿಂದೆ ಒಂದು ಜೋಡಿಸಿ. ಒಂದೊಂದಕ್ಕೂ 115 ವೋಲ್ಟ್ ಮಾತ್ರ ಸಿಗುತ್ತದೆ. ಎರಡೂ ಸೇರಿ 130–140 ವ್ಯಾಟಿನಷ್ಟು ಕಾವು, ಕಿತ್ತಳೆ ಬಣ್ಣದ ಮಂದ ಬೆಳಕು. ಸವೆತ ಇಲ್ಲವೆನ್ನುವಷ್ಟು ಕಡಿಮೆಯಾಗುವುದರಿಂದ ಬಲ್ಬು ವರ್ಷಗಟ್ಟಲೆ ಬರುತ್ತದೆ. ಒಂದು ಹೋದರೆ ಎರಡೂ ಆರುತ್ತವೆ, ಹಾಗಾಗಿ ಇಂಥ ಜೋಡಿ ಎರಡಾದರೂ ಇರಲಿ. ಇಲ್ಲವೇ ಬೆಳಕೇ ಇಲ್ಲದ ಸೆರಾಮಿಕ್ ಹೀಟರ್ ತನ್ನಿ, ಅದರೊಳಗೆ ನೀವು ಕೇಳಿದಂಥ ಕಾಯಿಲ್ಲೇ ಇರುತ್ತದೆ. ಯಾವುದೇ ಆದರೂ ಮರಿಗಳ ಬೆನ್ನಿನ ಎತ್ತರಕ್ಕೆ ಥರ್ಮಾಮೀಟರ್ ತೂಗುಹಾಕಿ. ಮೊದಲ ವಾರ 33ರಿಂದ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಸಿ.

ಪ್ರಶ್ನೆ: ಸರ್, ಬಲ್ಬಿನ ಒಳಗೆ ಗಾಳಿ ಹೋಗಬಾರದು ಅಂತಾರೆ. ಹಾಗಾದರೆ ತಂತಿ ಗಾಜನ್ನು ದಾಟಿ ಹೊರಬರುವ ಜಾಗದಲ್ಲಿ ಸಂದು ಬಿಡುವುದಿಲ್ಲವೇ? (ಮೈಸೂರಿನ ಓದುಗರು)

ಉತ್ತರ: ನಿಜಕ್ಕೂ ಮಿಶ್ರಲೋಹದ ಕೆಲಸ ಇರುವುದು ಅಲ್ಲೇ. ಕಾದಾಗ ಗಾಜು ಎಷ್ಟು ಹಿಗ್ಗುತ್ತದೋ ತಂತಿಯೂ ಅಷ್ಟೇ ಹಿಗ್ಗಬೇಕು. ಇಲ್ಲದಿದ್ದರೆ ಗಾಜು ಬಿರಿಯುತ್ತದೆ, ಇಲ್ಲವೇ ಸಂದು ಬಿಡುತ್ತದೆ. ಮೊದಮೊದಲು ಇದಕ್ಕೆ ಪ್ಲಾಟಿನಂ ಹಾಕುತ್ತಿದ್ದರು, ಬಲ್ಬಿಗಿಂತ ಆ ತುಂಡಿನದೇ ಖರ್ಚು ಅನ್ನುವಂತಿತ್ತು. ಕಬ್ಬಿಣಕ್ಕೆ ನಿಕ್ಕಲ್ ಸೇರಿಸುವ ಪ್ರಮಾಣ ಬದಲಿಸಿದರೆ ಹಿಗ್ಗುವಿಕೆಯನ್ನು ಬೇಕಾದಷ್ಟಕ್ಕೆ ತರಬಹುದು ಎಂಬುದು ಗಿಯೋಮ್ ಎಂಬ ವಿಜ್ಞಾನಿಯ ಕೆಲಸದಿಂದ ತಿಳಿಯಿತು. 1920ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿದ್ದು ಇಂಥ ನಿಕ್ಕಲ್-ಉಕ್ಕುಗಳಿಗೇ. ಈಗ ಬಳಸುವುದು ಡ್ಯೂಮೆಟ್ ತಂತಿ: ಒಳಗೆ ಸುಮಾರು ಶೇ 42 ನಿಕ್ಕಲ್ ಇರುವ ಕಬ್ಬಿಣ, ಮೇಲೆ ತಾಮ್ರದ ಹೊದಿಕೆ. ಸುಟ್ಟುಹೋದ ಬಲ್ಬಿದ್ದರೆ ಬೆಳಕಿಗೆ ಹಿಡಿದು ನೋಡಿ, ಗಾಜಿನ ಕಂಬ ಚಪ್ಪಟೆಯಾದ ಜಾಗದಲ್ಲಿ ತಂತಿಯ ಒಂದು ತುಣುಕು ಕೆಂಪಗೆ ಕಾಣುತ್ತದೆ. ಗಾಜು ಅಂಟಿಕೊಂಡಿರುವುದು ಆ ತಾಮ್ರದ ಆಕ್ಸೈಡಿಗೆ. ತಂತಿಯನ್ನು ಎತ್ತಿಹಿಡಿದಿರುವ ಸಣ್ಣ ಕೊಕ್ಕೆಗಳು ಮಾಲಿಬ್ಡಿನಂ.

ಪ್ರಶ್ನೆ: ಬೈಕಿನ ಹ್ಯಾಲೊಜೆನ್ ಬಲ್ಬನ್ನು ಕೈಯಲ್ಲಿ ಮುಟ್ಟಬಾರದು ಅಂತ ಮೆಕ್ಯಾನಿಕ್ ಅಣ್ಣ ಬೈದರು. ಯಾಕೆ? (ಮಂಡ್ಯದ ಪಿಯುಸಿ ವಿದ್ಯಾರ್ಥಿ)

ಉತ್ತರ: ಅವರು ಬೈದದ್ದು ಸರಿ ಕಣಪ್ಪ. ಅದರ ಹೊರಮೈ ಸಾಮಾನ್ಯ ಗಾಜಲ್ಲ, ಬಹಳ ಕಾಯುವ ಕ್ವಾರ್ಟ್ಜ್. ಬೆರಳಿನ ಬೆವರಿನ ಉಪ್ಪು ಅಂಟಿದ್ದರೆ, ಕಾದಾಗ ಆ ಜಾಗದಲ್ಲಿ ಕ್ವಾರ್ಟ್ಜ್ ಮಂಜುಗಟ್ಟಿ ಬಿರಿಯುತ್ತದೆ. ಮುಟ್ಟಿಬಿಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಹಾಕು. ಹಾಕುವ ಮೊದಲು ಬುಡದ ಚಪ್ಪಟೆ ಭಾಗದೊಳಗೆ ನೋಡು, ಬೆಳ್ಳಿ ಬಣ್ಣದ ಹಾಳೆಯ ಚೂರುಗಳು ಕಾಣುತ್ತವೆ. ಅವು ಕೂದಲಿಗಿಂತ ತೆಳುವಾದ ಮಾಲಿಬ್ಡಿನಂ. ಕ್ವಾರ್ಟ್ಜ್ ಹಿಗ್ಗುವುದೇ ಇಲ್ಲವೆನ್ನಬಹುದು, ಅದಕ್ಕೆ ಸರಿಹೊಂದುವ ಲೋಹ ಸಿಗದೆ, ಬಿರುಕು ಬಿಡಿಸಲಾರದಷ್ಟು ತೆಳು ಮಾಡಿ ತೂರಿಸಿದ್ದಾರೆ.