ಚೀಲ ಹೆಚ್ಚಾದರೆ ಉತ್ಪಾದಕತೆ ಹೆಚ್ಚಾಯಿತೇ?

ಪ್ರಶ್ನೆ: ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. 5 ಜನ ದಿನಕ್ಕೆ 8 ಗಂಟೆ ದುಡಿದು 40 ಚೀಲ ಮಂಡಕ್ಕಿ ತೆಗೆಯುತ್ತಿದ್ದರು. ಈಗ ಅದೇ 5 ಜನ 10 ಗಂಟೆ ದುಡಿದು 48 ಚೀಲ ತೆಗೆಯುತ್ತಾರೆ. ‘ಪ್ರೊಡಕ್ಟಿವಿಟಿ ಹೆಚ್ಚಾಯ್ತು ಅಂತ ಬರಿಯಪ್ಪ’ ಅಂತಾರೆ ಸಾಹುಕಾರ್ರು. ಬರೆಯಬಹುದೇ? ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?

ಉತ್ತರ: ಬರೆಯಬೇಡಿ. ಹೆಚ್ಚಾಗಿರುವುದು ಉತ್ಪಾದನೆ. ದುಡಿಮೆಯ ಉತ್ಪಾದಕತೆ, ಅಂದರೆ ಪ್ರೊಡಕ್ಟಿವಿಟಿ, ಇಳಿದಿದೆ.

ಎಷ್ಟು ಬಂತು ಎಂಬುದು ಉತ್ಪಾದನೆ. ಎಷ್ಟು ಹಾಕಿದ್ದಕ್ಕೆ ಎಷ್ಟು ಬಂತು ಎಂಬುದು ಉತ್ಪಾದಕತೆ. ಮೊದಲು 5 ಜನರ 8 ಗಂಟೆ ಸೇರಿ 40 ಗಂಟೆ ದುಡಿಮೆ, 40 ಚೀಲ. ಅಂದರೆ ಒಬ್ಬರ ಒಂದು ಗಂಟೆಗೆ 1 ಚೀಲ. ಈಗ 50 ಗಂಟೆಗೆ 48 ಚೀಲ, ಅಂದರೆ 0.96. ಬೆಂಕಿಯ ಮುಂದೆ ಒಂಬತ್ತನೇ ಗಂಟೆಯಲ್ಲಿ ಬೆಳಗಿನಷ್ಟು ಚುರುಕಾಗಿ ಯಾರ ಕೈ ಓಡೀತು ಹೇಳಿ!

ಸಾಹುಕಾರರ ಪರವಾಗಿಯೂ ಒಂದು ಮಾತು ಹೇಳಬೇಕು. ಯಾವುದರಿಂದ ಭಾಗಿಸುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಭಟ್ಟಿ ಕಾಯಿಸಲು ಬೆಳಗ್ಗೆ ಸುಡುವ ಉರುವಲು 40 ಚೀಲಕ್ಕೂ ಅಷ್ಟೇ, 48ಕ್ಕೂ ಅಷ್ಟೇ. ಹಾಗಾಗಿ ಚೀಲವೊಂದಕ್ಕೆ ಬೀಳುವ ಉರುವಲು ಕಡಿಮೆಯಾಗಿರಬಹುದು. ಆಗ ಇಂಧನದ ಉತ್ಪಾದಕತೆ ಏರಿದೆ, ದುಡಿಮೆಯದು ಇಳಿದಿದೆ ಎಂದು ಎರಡನ್ನೂ ಬೇರೆ ಬೇರೆ ಬರೆಯಬೇಕು. ‘ಯಾವುದರ’ ಎಂದು ಹೇಳದೆ ಬರೀ ಉತ್ಪಾದಕತೆ ಎಂದರೆ ಅರ್ಧ ಮಾತು.

ನಮ್ಮ ರೈತರಿಗೆ ಇದು ಹೊಸತೇನಲ್ಲ. ಭದ್ರಾ ನಾಲೆಯ ಗದ್ದೆಯವರು ‘ಎಕರೆಗೆ ಎಷ್ಟು ಚೀಲ ಬಂತು’ ಎಂದೇ ಕೇಳುತ್ತಾರೆ, ಚಳ್ಳಕೆರೆಯ ಶೇಂಗಾ ಬೆಳೆಗಾರರೂ ಅಷ್ಟೇ. ನೆಲದ ಉತ್ಪಾದಕತೆಗೆ ಅವರಲ್ಲಿ ಇಳುವರಿ ಎಂಬ ಚೊಕ್ಕ ಪದವಿದೆ. ಹೊಲದ ಮಾತಿಗೆ ಅದೇ ಸಾಕು. ಕಾರ್ಖಾನೆ, ಕೂಲಿ, ಯಂತ್ರದ ಲೆಕ್ಕಕ್ಕೆ ಉತ್ಪಾದಕತೆ ಎನ್ನಿ. 1958ರಲ್ಲಿ ಶುರುವಾದ ರಾಷ್ಟ್ರೀಯ ಉತ್ಪಾದಕತಾ ಮಂಡಳಿಯ ಹೆಸರಿನಲ್ಲೂ ಇರುವುದು ಇದೇ ಪದ. ಇನ್ನು ಕಚೇರಿಯ ಹುಡುಗರು ‘ಇವತ್ತು ಪ್ರೊಡಕ್ಟಿವ್ ಆಗಿದ್ದೆ’ ಅನ್ನುತ್ತಾರಲ್ಲ, ಅಲ್ಲಿ ಅಳತೆಯೇ ಇಲ್ಲ. ಕೆಲಸ ಚೆನ್ನಾಗಿ ಸಾಗಿತು ಅಂದರಾಯಿತು.

ನಿಮ್ಮ ಪುಸ್ತಕದಲ್ಲಿ ಚೀಲದ ಪಕ್ಕ ಇನ್ನೆರಡು ಕಲಂ ಎಳೆಯಿರಿ: ದುಡಿದ ಒಟ್ಟು ಗಂಟೆ, ಸುಟ್ಟ ಉರುವಲು. ತಿಂಗಳ ಕೊನೆಗೆ ಭಾಗಿಸಿ ಸಾಹುಕಾರರಿಗೇ ತೋರಿಸಿ. ಆ 2 ಗಂಟೆಯ ಹೆಚ್ಚುವರಿ ಕೂಲಿಯನ್ನೂ ಮರೆಯದೆ ಬರೆಯಿರಿ.