ಇಲಾಖೆ ಬದಲಿಸುವ ಮುನ್ನ: ಹೊಸ ಅಗ್ನಿಶಾಮಕರ ಪ್ರಶ್ನೆಗಳಿಗೆ ಉತ್ತರ

ಅಗ್ನಿಶಾಮಕ ಸೇವೆಗೆ ಸೇರಿ ಎರಡು ವರ್ಷವೂ ತುಂಬದ ಯುವಕರು ಬರೆಯುವ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದವು: ಇರುವ ಇಲಾಖೆಯನ್ನು ಬಿಟ್ಟು ಇನ್ನೊಂದು ಅಗ್ನಿಶಾಮಕ ಪಡೆಗೆ ಹೋಗುವುದು ಹೇಗೆ ಎಂಬುದು. ಒಬ್ಬೊಬ್ಬರಿಗೂ ಅದನ್ನೇ ಬರೆದು ಸಾಕಾಗಿರುವುದರಿಂದ ಈ ಸಲ ಎಲ್ಲವನ್ನೂ ಒಂದೆಡೆ ತೆಗೆದುಕೊಂಡಿದ್ದೇನೆ. ಎತ್ತರ, ಎದೆಯ ಸುತ್ತಳತೆ, ಅರ್ಜಿ ಶುಲ್ಕ ಇವೆಲ್ಲ ಅಧಿಸೂಚನೆಯಲ್ಲೇ ಇರುತ್ತವೆ. ಅವನ್ನು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ.

ಪ್ರಶ್ನೆ: ಸರ್, ನನಗೆ 24 ವರ್ಷ. ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೆ ಸೇರಿ ಒಂದೂವರೆ ವರ್ಷವಾಯಿತು, ತಾಲ್ಲೂಕು ಠಾಣೆಯಲ್ಲಿದ್ದೇನೆ. ಇಲಾಖೆಗೆ ತಿಳಿಸದೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಅಗ್ನಿಶಾಮಕ ಸೇವೆಯ ಜೂನಿಯರ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಹಾಕಿದ್ದೆ. ಲಿಖಿತ ಪರೀಕ್ಷೆ ಪಾಸಾಗಿದೆ. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಕರಾರು ಬಾರದಂತೆ ಈಗಲೇ ರಾಜೀನಾಮೆ ಕೊಡು ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಇಲ್ಲಿ ಬಣವೆ ಬೆಂಕಿ ಬಿಟ್ಟರೆ ಕಲಿಯುವುದಕ್ಕೂ ಏನೂ ಇಲ್ಲ. ಏನು ಮಾಡಲಿ?

ಉತ್ತರ: ರಾಜೀನಾಮೆ ಕೊಡಬೇಡಿ. ಲಿಖಿತ ಪರೀಕ್ಷೆ ಪಾಸಾದ ಮಾತ್ರಕ್ಕೆ ಆಯ್ಕೆಯಾದಂತಲ್ಲ. ಅದರ ಮುಂದೆ ದಾಖಲೆ ಪರಿಶೀಲನೆ, ದೇಹದಾರ್ಢ್ಯ ಪರೀಕ್ಷೆ, ವಾಹನ ಚಾಲನಾ ಪರೀಕ್ಷೆ, ವೈದ್ಯಕೀಯ ತಪಾಸಣೆ ಇವೆ. ಲಿಖಿತದಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗರು ಚಾಲನಾ ಪರೀಕ್ಷೆಯಲ್ಲೋ ಕಣ್ಣಿನ ತಪಾಸಣೆಯಲ್ಲೋ ಹೊರಬೀಳುವುದು ಪ್ರತಿ ನೇಮಕಾತಿಯಲ್ಲೂ ನಡೆಯುತ್ತದೆ. ಹಾಗೆ ಹೊರಬಿದ್ದ ದಿನ ನಿಮ್ಮ ಕೈಯಲ್ಲಿ ಇರುವ ಕೆಲಸವೂ ಇರುವುದಿಲ್ಲ. ಕರ್ನಾಟಕದಲ್ಲಿ ಪ್ರೊಬೇಷನ್ ಅವಧಿ ಕನಿಷ್ಠ ಎರಡು ವರ್ಷ. ಅದು ಮುಗಿದು ಸೇವೆ ಕಾಯಂ ಆಗುವವರೆಗೆ ಬಿಟ್ಟುಹೋದ ಹುದ್ದೆಯ ಮೇಲೆ ನಿಮಗೆ ಹಕ್ಕು ಉಳಿಯುವುದಿಲ್ಲ. ಸ್ನೇಹಿತರು ಈ ಮಾತನ್ನು ಹೇಳಿರಲಾರರು.

ಅರ್ಜಿ ಹಾಕಿದ್ದನ್ನು ಮುಚ್ಚಿಟ್ಟದ್ದು ತಪ್ಪು; ಅದನ್ನು ಸರಿಪಡಿಸಲು ಇನ್ನೂ ಅವಕಾಶವಿದೆ. ಠಾಣಾಧಿಕಾರಿಗಳ ಮೂಲಕ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗಳಿಗೆ ಈ ವಾರವೇ ಒಂದು ಮನವಿ ಬರೆಯಿರಿ: ಯಾವ ಹುದ್ದೆಗೆ, ಯಾವ ದಿನಾಂಕದಂದು ಅರ್ಜಿ ಸಲ್ಲಿಸಿದ್ದೀರಿ, ಈಗ ಯಾವ ಹಂತದಲ್ಲಿದೆ ಎಂಬುದನ್ನು ನೇರವಾಗಿ ತಿಳಿಸಿ, ನಿರಾಕ್ಷೇಪಣಾ ಪತ್ರವನ್ನು ಕೋರಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ತರಬೇತಿಗೆ ಮುಂಚೆ ಮುಚ್ಚಳಿಕೆಗೆ ಸಹಿ ಮಾಡಿದ್ದರೆ ಅದರ ಪ್ರತಿಯನ್ನು ಕೇಳಿ ಪಡೆದು, ಮರುಪಾವತಿಯ ಷರತ್ತನ್ನು ಓದಿ. ನೇಮಕಾತಿ ಆದೇಶ ಕೈಗೆ ಬಂದ ಮೇಲಷ್ಟೇ, ಹೊಸ ಹುದ್ದೆಗೆ ಸೇರುವ ಸಲುವಾಗಿ ಎಂದು ಸ್ಪಷ್ಟವಾಗಿ ಕಾಣಿಸಿ ರಾಜೀನಾಮೆ ಸಲ್ಲಿಸಿ, ಬಿಡುಗಡೆ ಆದೇಶ, ಬೇಬಾಕಿ ಪ್ರಮಾಣಪತ್ರ, ಕೊನೆಯ ವೇತನ ಪ್ರಮಾಣಪತ್ರ ಈ ಮೂರನ್ನೂ ಪಡೆದು ಹೊರಡಿ. ಎನ್‌ಪಿಎಸ್‌ನ (ರಾಷ್ಟ್ರೀಯ ಪಿಂಚಣಿ ಯೋಜನೆಯ) ಪ್ರಾನ್ ಖಾತೆ ಸಂಖ್ಯೆ ಕೊನೆಯವರೆಗೂ ಒಂದೇ, ಎರಡನೆಯದನ್ನು ತೆಗೆಸಬೇಡಿ. ಕೆಲಸದಲ್ಲಿದ್ದುದನ್ನು ಹೇಳದೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳಿಕೊಡುವವರನ್ನು ಹತ್ತಿರ ಸೇರಿಸಬೇಡಿ. ಪೂರ್ವಾಪರ ಪರಿಶೀಲನೆಯಲ್ಲಿ ಅದು ಹೊರಬೀಳುತ್ತದೆ, ಮಾಹಿತಿ ಮುಚ್ಚಿಟ್ಟ ಕಾರಣಕ್ಕೇ ಹೊಸ ಕೆಲಸ ಹೋಗಬಹುದು.

ಇನ್ನು ಬಣವೆ ಬೆಂಕಿಯ ವಿಚಾರ. ನಿಮ್ಮ ಪತ್ರದಲ್ಲಿ ನನಗೆ ಬೇಸರ ತಂದ ಸಾಲು ಅದು. ಹೊತ್ತಿದ ಬಣವೆಯ ಮೇಲೆ ಎಷ್ಟು ನೀರು ಹೊಡೆದರೂ ಹೊರಮೈಯಲ್ಲೇ ಹರಿದುಹೋಗುತ್ತದೆ. ಒಳಗೆ ಕೆಂಡ ಹಾಗೇ ಉಳಿದು ರಾತ್ರಿ ಮತ್ತೆ ಹೊತ್ತಿಕೊಳ್ಳುತ್ತದೆ. ಕೊಕ್ಕೆ ಹಾಕಿ ಎಳೆದು, ಪದರ ಪದರವಾಗಿ ಬಿಡಿಸಿ, ಪ್ರತಿ ಪದರವನ್ನೂ ತೋಯಿಸಬೇಕು. ಯಾವ ಬದಿ ಕುಸಿಯುತ್ತದೆ ಎಂದು ನೋಡಿಕೊಂಡೇ ನಿಲ್ಲಬೇಕು. ಅಷ್ಟರಲ್ಲಿ ವಾಹನದ ಟ್ಯಾಂಕ್ ಖಾಲಿಯಾಗುತ್ತದೆ. ಊರ ಕೆರೆಗೆ ನೀರೆಳೆಯುವ ಸಕ್ಷನ್ ಹೋಸ್ ಇಳಿಸಿದರೆ, ಹೋಸ್‌ಗಳನ್ನು ಜೋಡಿಸುವ ಒಂದು ಕಪ್ಲಿಂಗ್‌ನ ವಾಷರ್ ಸವೆದಿದ್ದರೂ ಸಾಕು, ಪಂಪು ಗಾಳಿ ಎಳೆಯುತ್ತದೆ, ನಿರ್ವಾತ ಮಾಪಕದ ಮುಳ್ಳು ಮೇಲೇಳುವುದಿಲ್ಲ, ನೀರು ಬರುವುದಿಲ್ಲ. ಸುತ್ತ ರೈತರು ಕೂಗಾಡುತ್ತಿರುವಾಗ ಕೈ ನಡುಗದಂತೆ ಆ ಕಪ್ಲಿಂಗ್ ಯಾವುದೆಂದು ಹುಡುಕಿ ಬಿಗಿಮಾಡುವುದನ್ನು ತಾಲ್ಲೂಕು ಠಾಣೆ ಕಲಿಸುವಷ್ಟು ಚೆನ್ನಾಗಿ ಬೇರೆ ಯಾವ ಠಾಣೆಯೂ ಕಲಿಸುವುದಿಲ್ಲ. ಬಾವಿಗೆ ಬಿದ್ದ ಹಸು, ಕಬ್ಬಿನ ಗದ್ದೆಯ ಬೆಂಕಿ, ಅಡುಗೆಮನೆಯ ಸಿಲಿಂಡರ್, ಹಳ್ಳದ ನೆರೆಯಲ್ಲಿ ಸಿಕ್ಕವರು ಎಲ್ಲವೂ ಒಂದೇ ವರ್ಷದಲ್ಲಿ ನಿಮ್ಮ ಮುಂದೆ ಬರುತ್ತವೆ.

ವಿಮಾನ ನಿಲ್ದಾಣದ ಕೆಲಸ ಬೇರೆಯದೇ ಬಗೆಯದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮೊದಲ ವಾಹನವು ರನ್‌ವೇಯ ಯಾವುದೇ ಭಾಗವನ್ನು 3 ನಿಮಿಷದೊಳಗೆ ಮುಟ್ಟಿ ನೊರೆ ಹೊಡೆಯಲು ಆರಂಭಿಸಬೇಕು, ಗುರಿ 2 ನಿಮಿಷ. ಆ ಎರಡು ಮೂರು ನಿಮಿಷಕ್ಕಾಗಿ ವರ್ಷಗಟ್ಟಲೆ ಅದೇ ಕವಾಯತನ್ನು ಅದೇ ಶ್ರದ್ಧೆಯಿಂದ ಮಾಡಬೇಕಾಗುತ್ತದೆ. ಅಲ್ಲಿನವರು ಬರೀ ನಿದ್ದೆ ಮಾಡುತ್ತಾರೆ ಎಂಬುದು ಅಲ್ಲಿಗೆ ಕಾಲಿಡದವರ ಮಾತು. ಕರೆಗಳು ಕಡಿಮೆ ಎಂಬುದಂತೂ ನಿಜ, ಮತ್ತು 24ನೇ ವಯಸ್ಸಿಗೆ ಅದು ಸಣ್ಣ ವಿಷಯವಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿ 158 ಜನ ಸತ್ತರು, ಬದುಕುಳಿದವರು ಎಂಟೇ ಮಂದಿ. ಅಲ್ಲಿ ಬೆಂಕಿಯಿದ್ದದ್ದು ರನ್‌ವೇಯ ಮೇಲಲ್ಲ, ಗುಡ್ಡದ ಇಳಿಜಾರಿನಲ್ಲಿ, ಕಿರಿದಾದ ದಾರಿಯ ಕೊನೆಯಲ್ಲಿ. ಅಂಥ ನೆಲದಲ್ಲಿ ಹೋಸ್ ಎಳೆದು ಅಭ್ಯಾಸವಿರುವವನು ವಿಮಾನ ನಿಲ್ದಾಣದ ತಂಡದಲ್ಲಿದ್ದರೆ ಅವನ ಬೆಲೆ ಹೆಚ್ಚು. ಆ ಅಭ್ಯಾಸವನ್ನು ನೀವು ಈಗಷ್ಟೇ ಗಳಿಸಿಕೊಳ್ಳುತ್ತಿದ್ದೀರಿ.

ಸಂಬಳ ಅಲ್ಲಿ ಹೆಚ್ಚು, ಮೂಲವೇತನ 31,000ದಿಂದ ಶುರು. ಆದರೆ ಅಲ್ಲಿ ನೇಮಕಾತಿ ವಲಯವಾರು, ನಾವು ಸೇರುವ ದಕ್ಷಿಣ ವಲಯ ಎಂದರೆ ಕರ್ನಾಟಕ ಮಾತ್ರವಲ್ಲ. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಲಕ್ಷದ್ವೀಪವೂ ಅದರಲ್ಲೇ ಸೇರಿವೆ. ಬೆಂಗಳೂರು ಕೆಂಪೇಗೌಡ ನಿಲ್ದಾಣವು ಪ್ರಾಧಿಕಾರದ ನೇರ ನಿರ್ವಹಣೆಯಲ್ಲಿಲ್ಲ, ಮಂಗಳೂರು ನಿಲ್ದಾಣವೂ 2020ರಿಂದ ಖಾಸಗಿಯವರ ಕೈಯಲ್ಲಿದೆ. ಮನೆಗೆ ಹತ್ತಿರ ಎಂಬ ಲೆಕ್ಕ ಹಾಕಿಕೊಂಡು ಹೋಗಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಪ್ರೊಬೇಷನ್ ಮುಗಿಸಿ ಹೋಗಿ. ಆ ಹುದ್ದೆಗೆ ಮೇಲಿನ ವಯೋಮಿತಿ 30, ಇನ್ನೊಂದು ಅಧಿಸೂಚನೆಗೆ ಕಾಯುವ ಸಮಯ ನಿಮಗಿದೆ. ಹಾಗಿದ್ದೂ ಈಗಲೇ ನೇಮಕಾತಿ ಆದೇಶ ಬಂದು, ಇಲಾಖೆ ನಿಯಮದಂತೆ ಬಿಡುಗಡೆ ಮಾಡಿದರೆ ನಾನು ತಡೆಯುವುದಿಲ್ಲ. ನಾನು ಇಷ್ಟು ಎಚ್ಚರ ಹೇಳುತ್ತಿರುವುದು ಅವಸರದಲ್ಲಿ ಕೈಬಿಟ್ಟ ಕೆಲಸಕ್ಕೆ ಮರಳಲಾಗದೆ ಅಲೆದವರನ್ನು ಹತ್ತಿರದಿಂದ ಕಂಡಿರುವ ಕಾರಣಕ್ಕೆ.

ಪ್ರಶ್ನೆ: ನಾನು ಪ್ರವರ್ಗ 2ಎ. ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಫೈರ್ ಕಾನ್‌ಸ್ಟೆಬಲ್ ಹುದ್ದೆಗೆ ನನ್ನ ಜಾತಿ ಪ್ರಮಾಣಪತ್ರ ನಡೆಯುತ್ತದೆಯೇ?

ಉತ್ತರ: ರಾಜ್ಯದ 2ಎ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದರೆ, ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಮಾಡಿಸಬೇಕು. ಇದೊಂದು ಕಾಗದಕ್ಕಾಗಿ ಅವಕಾಶ ಕಳೆದುಕೊಳ್ಳುವವರು ಪ್ರತಿ ವರ್ಷ ಇದ್ದಾರೆ. ವಯೋಮಿತಿ 18ರಿಂದ 23, ಒಬಿಸಿಗೆ 3 ವರ್ಷದ ಸಡಿಲಿಕೆ. ಪಿಯುಸಿ ವಿಜ್ಞಾನ ಬೇಕು. ಅದು ಸಶಸ್ತ್ರ ಪಡೆ, ದೇಶದ ಯಾವ ಕಾರ್ಖಾನೆಗೆ ಬೇಕಾದರೂ ಕಳುಹಿಸುತ್ತಾರೆ ಎಂಬುದನ್ನು ಮನೆಯವರಿಗೂ ಮೊದಲೇ ತಿಳಿಸಿ.

ಪ್ರಶ್ನೆ: ಮದುವೆಯಾದ ಮೇಲೆ ಮುಂಬೈ ಅಗ್ನಿಶಾಮಕ ದಳಕ್ಕೆ ವರ್ಗಾವಣೆ ಸಿಗುತ್ತದೆಯೇ?

ಉತ್ತರ: ಇಲ್ಲ. ನಮ್ಮದು ರಾಜ್ಯದ ಇಲಾಖೆ, ಅದು ಮಹಾನಗರ ಪಾಲಿಕೆಯ ದಳ. ಹೊಸದಾಗಿ ಅರ್ಜಿ ಹಾಕಬೇಕು.

ಪ್ರಶ್ನೆ: ಆರು ತಿಂಗಳ ‘ಫೈರ್ ಆ್ಯಂಡ್ ಸೇಫ್ಟಿ’ ಡಿಪ್ಲೊಮಾ ಮಾಡಿದರೆ ದೊಡ್ಡ ಇಲಾಖೆಗೆ ನೇರ ನೇಮಕಾತಿ ಎಂದು ಒಂದು ಸಂಸ್ಥೆಯವರು ಹೇಳುತ್ತಿದ್ದಾರೆ. ಸೇರಲೇ?

ಉತ್ತರ: ಸೇರಬೇಡಿ. ಯಾವ ಸರ್ಕಾರಿ ಅಗ್ನಿಶಾಮಕ ಪಡೆಯೂ ಖಾಸಗಿ ಸಂಸ್ಥೆಯ ಬಾಗಿಲಿನಿಂದ ನೇಮಕ ಮಾಡಿಕೊಳ್ಳುವುದಿಲ್ಲ. ಹೀಗೆ ಹೇಳಿ ಬಡ ಮನೆಗಳ ಹುಡುಗರಿಂದ ಹಣ ಕೀಳುವವರನ್ನು ಮೋಸಗಾರರು ಎಂದೇ ಕರೆಯಬೇಕು. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇರುವುದು ನಾಗಪುರದಲ್ಲಿ. ಅದರ ಹೆಸರನ್ನು ಹೋಲುವ ಫಲಕ ಕಂಡರೆ, ಸಚಿವಾಲಯದ ಜಾಲತಾಣದಲ್ಲಿ ನೋಡಿ ಖಚಿತಪಡಿಸಿಕೊಳ್ಳದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ವೈದ್ಯಕೀಯ ತಪಾಸಣೆಗೆ ಮುಂಚೆ ಬೆಲ್ಲ ತಿಂದರೆ ಶ್ವಾಸಕೋಶದ ಹೊಗೆ ಹೋಗುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ನಿಜವೇ?

ಉತ್ತರ: ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಹೊಗೆಗೆ ನುಗ್ಗುವಾಗ ಉಸಿರಾಟದ ಸಾಧನ ಧರಿಸಿ. ಕೆಮ್ಮು ಉಳಿದರೆ ಬೆಲ್ಲದಂಗಡಿಗಲ್ಲ, ವೈದ್ಯರ ಬಳಿ ಹೋಗಿ.

ಪ್ರಶ್ನೆ: ಠಾಣಾಧಿಕಾರಿಗಳು ಬಹಳ ಕಟ್ಟುನಿಟ್ಟು. ಇಲಾಖೆಯನ್ನೇ ಬದಲಿಸಲೇ?

ಉತ್ತರ: ಠಾಣಾಧಿಕಾರಿಗಳೂ ವರ್ಗವಾಗುತ್ತಾರೆ. ನೀವು ಬೇರೆ ಠಾಣೆಗೆ ವರ್ಗಾವಣೆ ಕೇಳಬಹುದು, ಇಲಾಖೆ ಬಿಡಬೇಕಾಗಿಲ್ಲ.