ಜೋಡಿ ಹುಡುಕೋ ಆಟ: ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಈಗಷ್ಟೇ ಮೂರು ವರ್ಷ ತುಂಬಿದೆ. ಚಿತ್ರದ ಕಾರ್ಡ್‌ಗಳನ್ನ ಬೋರಲು ಹಾಕಿ ಜೋಡಿ ಹುಡುಕೋ ಮೆಮೊರಿ ಆಟ ತಂದುಕೊಟ್ವಿ, 48 ಕಾರ್ಡ್ ಇರೋದು. ಒಂದೊಂದಾಗಿ ತೆಗೆಯೋ ಮಾತೇ ಇಲ್ಲ, ಎಲ್ಲಾನೂ ಒಟ್ಟಿಗೆ ಮಗುಚಿ ಹಾಕಿ ಎದ್ದು ಹೋಗ್ತಾಳೆ. ಗಮನ ಕೊಡೋದ್ರಲ್ಲಿ ಏನಾದ್ರೂ ಸಮಸ್ಯೆ ಇರಬಹುದಾ?

ಉತ್ತರ: ಇಲ್ಲಮ್ಮಾ, ಕಾರ್ಡ್ ಜಾಸ್ತಿ ಆಗಿದೆ ಅಷ್ಟೇ. 48 ಕಾರ್ಡ್ ಬೋರಲು ಹಾಕಿದ್ರೆ ದೊಡ್ಡವರಿಗೇ ತಲೆ ಕೆಡುತ್ತೆ. ಡಬ್ಬಿಯಲ್ಲಿ ಇರೋದನ್ನೆಲ್ಲಾ ಹರಡಲೇಬೇಕು ಅಂತೇನಿಲ್ಲ, ಮೂರು ಜೋಡಿ ಆರಿಸ್ಕೊಳ್ಳಿ, ಮಿಕ್ಕಿದ್ದನ್ನ ಅವಳ ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟುಬಿಡಿ.

ಜರ್ಮನಿಯ ರಾವೆನ್ಸ್‌ಬರ್ಗರ್ ಕಂಪನಿ 1959ರಲ್ಲಿ ‘ಮೆಮೊರಿ’ ಅಂತ ಹೆಸರಿಟ್ಟು ಈ ಚಿತ್ರದ ಕಾರ್ಡ್‌ಗಳನ್ನ ಹೊರಗೆ ತಂತು, ಆವಾಗಿಂದ ಎಲ್ಲರೂ ಇದನ್ನ ನೆನಪಿನ ಆಟ ಅಂತಾನೇ ಅಂದ್ಕೊಂಡಿದಾರೆ. ಆದ್ರೆ ಸಣ್ಣ ಮಗೂಗೆ ಇದರಲ್ಲಿ ಮೂರು ಕೆಲಸ ಒಟ್ಟೊಟ್ಟಿಗೆ ಬೀಳುತ್ತೆ, ಎರಡು ಚಿತ್ರ ಒಂದೇನಾ ಅಂತ ನೋಡ್ಬೇಕು, ಯಾವುದು ಎಲ್ಲಿತ್ತು ಅಂತ ನೆನಪಿಟ್ಕೋಬೇಕು, ತನ್ನ ಸರದಿ ಬರೋವರೆಗೂ ಕಾಯ್ಬೇಕು. ಕಾಯೋದಂತೂ ಆ ವಯಸ್ಸಿಗೆ ಎಲ್ಲಕ್ಕಿಂತ ಕಷ್ಟ. ಅದಕ್ಕೇ ಒಂದೊಂದಾಗಿ ಬಿಡಿಸಿ ಕೊಡಿ ಅನ್ನೋದು.

ಮೊದಮೊದಲು ಬೋರಲು ಹಾಕೋದೇ ಬೇಡ. ಬಾತುಕೋಳಿ, ಬಸ್ಸು, ಛತ್ರಿ ಅಂತ ಮೂರು ಕಾರ್ಡ್ ಅವಳ ಮುಂದೆ ಚಿತ್ರ ಕಾಣೋ ಹಾಗೆ ಸಾಲಾಗಿಡಿ, ಅವುಗಳ ಜೋಡಿ ನಿಮ್ಮ ಕೈಯಲ್ಲಿರಲಿ. ಒಂದನ್ನ ತೋರಿಸಿ “ಇದರ ಫ್ರೆಂಡ್ ಎಲ್ಲಿದೆ ನೋಡು” ಅನ್ನಿ, ಅವಳು ಅದನ್ನ ತಗೊಂಡು ಸರಿಯಾದ ಕಾರ್ಡಿನ ಮೇಲೆ ಇಡ್ಲಿ. ಇಷ್ಟು ಸಲೀಸಾದ ಮೇಲೆ ಅವಳ ಮುಂದಿರೋ ಸಾಲು ಕಾಣೋ ಹಾಗೇ ಇರಲಿ, ನಿಮ್ಮ ಕೈಯಲ್ಲಿರೋದನ್ನ ಮಾತ್ರ ಬೋರಲು ಹಾಕಿ ಅವಳೇ ತಿರುಗಿಸಲಿ. ಪೂರ್ತಿ ಬೋರಲು ಹಾಕೋದು ಆಮೇಲೆ, ಅದೂ ನಾಲ್ಕು ಜೋಡಿ ಸಾಕು, ನಾಲ್ಕು ನಾಲ್ಕರ ಎರಡು ಸಾಲು. ತಿರುಗಿಸಿ ನೋಡಿದ ಕಾರ್ಡನ್ನ ಇದ್ದ ಜಾಗದಲ್ಲೇ ಇಡ್ಬೇಕು. ದೊಡ್ಡವರು ಮಾತಾಡ್ತಾ ಮಾತಾಡ್ತಾ ಆ ಕಡೆ ಈ ಕಡೆ ಸರಿಸಿಬಿಡ್ತೀವಿ, ಮಗು ನೆನಪಿಟ್ಕೊಂಡಿರೋದು ಜಾಗವನ್ನ, ಜಾಗಾನೇ ಹೋದ್ರೆ ಅದಕ್ಕೆ ಏನು ಉಳೀತು?

ಇನ್ನೊಂದು, ಬಾತುಕೋಳಿ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿದ್ದೂ ಪ್ರತೀ ಸಲ ಅದನ್ನೇ ತೆಗೆದು ನೋಡ್ತಾಳೆ ಅಂತಿಟ್ಕೊಳ್ಳಿ, “ಅದನ್ನೇ ಯಾಕೆ ತೆಗೀತೀಯಾ” ಅನ್ನೋಕೆ ಹೋಗ್ಬೇಡಿ. ತಾನು ಅಂದುಕೊಂಡ ಕಡೆ ಅದು ಇನ್ನೂ ಇದೆಯಾ ಅಂತ ಖಾತ್ರಿ ಮಾಡ್ಕೊಳ್ತಿರ್ತಾಳೆ. ಇನ್ನು ಎದ್ದು ಹೋದ್ಲಾ, ಹೋಗ್ಲಿ ಬಿಡಿ, ಅವತ್ತಿನ ಆಟ ಮುಗೀತು.

ಪ್ರಶ್ನೆ: ಮೊಮ್ಮಗನಿಗೆ ಎರಡೂವರೆ ವರ್ಷ, ಹಗಲೆಲ್ಲಾ ನನ್ನ ಜೊತೆಗೇ ಇರ್ತಾನೆ. ಕಾರ್ಡ್ ಕೊಟ್ರೆ ಬಾಯಿಗೆ ಹಾಕ್ಕೊಂಡು ಹರೀತಾನೆ. ಏನೂ ಕೊಳ್ಳದೆ ಮನೇಲಿರೋ ಸಾಮಾನಲ್ಲೇ ಆಡಿಸೋಕಾಗುತ್ತಾ?

ಉತ್ತರ: ಖಂಡಿತ ಆಗುತ್ತೆ ಸರ್, ಈ ವಯಸ್ಸಿಗೆ ಚಿತ್ರಕ್ಕಿಂತ ಕೈಗೆ ಸಿಗೋ ಸಾಮಾನೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಬೇರೆ ಬೇರೆ ಅಳತೆಯ ನಾಲ್ಕೈದು ಡಬ್ಬಿ ತಗೊಳ್ಳಿ, ಮುಚ್ಚಳ ಎಲ್ಲಾ ತೆಗೆದು ರಾಶಿ ಹಾಕಿ, ಅವನ ಪಕ್ಕ ನೆಲದ ಮೇಲೆ ಕೂತ್ಕೊಳ್ಳಿ. ದೊಡ್ಡ ಮುಚ್ಚಳ ತಗೊಂಡು ಸಣ್ಣ ಡಬ್ಬಿ ಮೇಲೆ ಇಡ್ತಾನೆ, ಅದು ಜಾರುತ್ತೆ, ತಿರುಗಿಸಿ ಇಡ್ತಾನೆ, ಮತ್ತೆ ಜಾರುತ್ತೆ, ಒಂದು ಸಲ ಮೇಲಿಂದ ಗುದ್ದೂ ನೋಡ್ತಾನೆ, ಆಮೇಲೆ ಬೇರೆ ಮುಚ್ಚಳಕ್ಕೆ ಕೈ ಹಾಕ್ತಾನೆ. ಇಲ್ಲಿ “ತಪ್ಪು” ಅಂತ ನೀವು ಹೇಳ್ಬೇಕಾಗೇ ಇಲ್ಲ, ಡಬ್ಬೀನೇ ಹೇಳುತ್ತೆ. ಮರಿಯಾ ಮಾಂಟೆಸೊರಿ 1907ರಲ್ಲಿ ರೋಮ್‌ನಲ್ಲಿ ‘ಮಕ್ಕಳ ಮನೆ’ ಅನ್ನೋ ಶಾಲೆ ಶುರು ಮಾಡಿದಾಗಿಂದ ಅವರ ಪದ್ಧತಿಯ ಸಾಮಾನುಗಳ ಹಿಂದೆ ಇರೋ ಯೋಚನೆಯೂ ಇದೇ, ಸರಿನೋ ತಪ್ಪೋ ಅಂತ ಮಗೂಗೇ ಗೊತ್ತಾಗ್ಬೇಕು. ಜಪಾನಿನಲ್ಲಿ ‘ಕೈ ಅವಾಸೆ’ ಅಂತ ಒಂದು ಹಳೇ ಆಟ ಇದೆ, ಕಪ್ಪೆಚಿಪ್ಪಿನ ಎರಡು ಹೋಳು ಬೇರೆ ಮಾಡಿ ಜೋಡಿ ಹುಡುಕೋದು. ಒಂದು ಚಿಪ್ಪಿನ ಹೋಳು ಇನ್ನೊಂದು ಚಿಪ್ಪಿನ ಹೋಳಿಗೆ ಯಾವತ್ತೂ ಸರಿಯಾಗಿ ಕೂರಲ್ಲ, ಹಾಗಾಗಿ ವಾದ ಮಾಡೋಕೆ ಜಾಗಾನೇ ಇಲ್ಲ!

ಒಗೆದ ಬಟ್ಟೆ ಮಡಚುವಾಗ ಕಾಲುಚೀಲದ ಜೋಡಿ ಹುಡುಕೋದು, ಬಾಗಿಲ ಹತ್ತಿರ ಚಪ್ಪಲಿ ಜೋಡಿಸೋದು, ಇವೆಲ್ಲಾ ಹೇಗಿದ್ರೂ ಆಗ್ಬೇಕಾದ ಕೆಲಸಗಳೇ. ಸ್ವಲ್ಪ ದೊಡ್ಡವನಾದ ಮೇಲೆ ಸದ್ದಿನ ಜೋಡಿ ಮಾಡಬಹುದು. ಒಳಗೆ ಏನಿದೆ ಅಂತ ಕಾಣದ, ಒಂದೇ ಥರದ ಆರು ಡಬ್ಬಿ ತಗೊಂಡು, ಎರಡಕ್ಕೆ ಮರಳು, ಎರಡಕ್ಕೆ ಸಣ್ಣ ಕಲ್ಲು, ಎರಡಕ್ಕೆ ಅಂಗಿ ಗುಂಡಿ ಹಾಕಿ, ಮುಚ್ಚಳ ಬಿಚ್ಚೋಕಾಗದ ಹಾಗೆ ಗಟ್ಟಿಯಾಗಿ ಟೇಪ್ ಸುತ್ತಿ. ಕಿವಿ ಹತ್ರ ಅಲ್ಲಾಡಿಸಿ ಅಲ್ಲಾಡಿಸಿ ಜೋಡಿ ಮಾಡ್ಬೇಕು.

ಬಾಯಿಗೆ ಹಾಕ್ಕೊಳ್ತಾನೆ ಅಂದ್ರಲ್ಲ, ಅದೊಂದು ಮಾತ್ರ ಹುಷಾರು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆ ಮಾಡೋಕೆ 31.7 ಮಿಲಿಮೀಟರ್ ಅಗಲದ ಒಂದು ಸಿಲಿಂಡರ್ ಇರುತ್ತೆ, ಅದರೊಳಗೆ ಪೂರ್ತಿ ಮುಳುಗೋ ಅಷ್ಟು ಸಣ್ಣ ವಸ್ತು ಆ ಮಕ್ಕಳ ಕೈಗೆ ಕೊಡೋ ಹಾಗಿಲ್ಲ. ಬಿಡಿ ಗುಂಡಿ, ನಾಣ್ಯ, ಗೋಲಿ ಎಲ್ಲಾ ಆ ಲೆಕ್ಕಕ್ಕೇ ಬರುತ್ತೆ. ಬಟನ್ ಬ್ಯಾಟರಿ, ಸಣ್ಣ ಮ್ಯಾಗ್ನೆಟ್ ಅಂತೂ ಹತ್ತಿರಾನೂ ಇರಬಾರದು, ನುಂಗಿದ್ರೆ ಒಳಗೇ ಗಾಯ ಮಾಡುತ್ತೆ, ಅಂಥದ್ದೇನಾದ್ರೂ ಆದ್ರೆ ಕಾಯದೆ ಆಸ್ಪತ್ರೆಗೆ ಹೋಗ್ಬೇಕು.

ಪ್ರಶ್ನೆ: ನನ್ನ ಮಗ ಮೂರು ವರ್ಷದವನು. ಬಣ್ಣದ ಪ್ರಕಾರ ಜೋಡಿಸು ಅಂದ್ರೆ ಫಟಾಫಟ್ ಮಾಡ್ತಾನೆ. ಅದೇ ಕಾರ್ಡ್ ಕೊಟ್ಟು ಈಗ ಆಕಾರದ ಪ್ರಕಾರ ಮಾಡು ಅಂದ್ರೆ ಮತ್ತೆ ಬಣ್ಣಾನೇ ನೋಡ್ತಾನೆ. ಹಠಾನಾ, ಅರ್ಥ ಆಗ್ತಿಲ್ವಾ?

ಉತ್ತರ: ಎರಡೂ ಅಲ್ಲ ಅನ್ಸುತ್ತೆ. ಮನಶ್ಶಾಸ್ತ್ರಜ್ಞ ಫಿಲಿಪ್ ಝೆಲಾಜೊ ಮತ್ತು ಜೊತೆಯವರು ಇದನ್ನೇ ಪರೀಕ್ಷೆ ಮಾಡಿ ನೋಡಿದಾರೆ, ಮೊಲ ಮತ್ತು ದೋಣಿಯ ಚಿತ್ರಗಳು, ಎರಡು ಬಣ್ಣ, ಮೊದಲು ಒಂದು ನಿಯಮ ಆಮೇಲೆ ಇನ್ನೊಂದು. ಮೂರು ವರ್ಷದ ಹೆಚ್ಚಿನ ಮಕ್ಕಳು ಹಳೇ ನಿಯಮಕ್ಕೇ ಅಂಟಿಕೊಳ್ತಾರೆ, ತಮಾಷೆ ಏನಂದ್ರೆ “ಆಕಾರದ ಆಟದಲ್ಲಿ ಮೊಲ ಎಲ್ಲಿಗೆ ಹೋಗ್ಬೇಕು” ಅಂತ ಕೇಳಿದ್ರೆ ಸರಿಯಾಗೇ ತೋರಿಸ್ತಾರೆ, ಕೈ ಮಾತ್ರ ಹಳೇ ಕಡೆಗೇ ಹೋಗುತ್ತೆ. ಐದು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಬದಲಾಯಿಸೋದು ಬಂದುಬಿಡುತ್ತೆ. ಅಲ್ಲಿವರೆಗೂ ಒಂದ್ಸಲ ಆಟಕ್ಕೆ ಕೂತ್ರೆ ಒಂದೇ ನಿಯಮ ಇಟ್ಕೊಳ್ಳಿ. ಆಕಾರ ಆಡಿಸ್ಬೇಕು ಅಂದ್ರೆ ಎಲ್ಲಾ ತುಂಡೂ ಒಂದೇ ಬಣ್ಣದ್ದಿರಲಿ, ಆಗ ಬಣ್ಣ ಅಡ್ಡ ಬರಲ್ಲ.

ಹಾಗೇ ಬಣ್ಣದ ಹೆಸರು ತಪ್ಪು ಹೇಳ್ತಾನೆ ಅಂತ ಗಾಬರಿ ಬೇಡ, ಹೊಂದಿಸೋದು ಮೊದಲು ಬರುತ್ತೆ, ಹೆಸರು ಹೇಳೋದು ಆಮೇಲೆ. ಆದ್ರೆ ಹೊಂದಿಸುವಾಗಲೇ ಹಸಿರು, ಕೆಂಪು, ಕಂದು ಮತ್ತೆ ಮತ್ತೆ ಬೆರೆಸ್ತಿದ್ರೆ, ಅದರಲ್ಲೂ ಗಂಡು ಮಗು ಆದ್ರೆ, ಒಂದ್ಸಲ ಕಣ್ಣಿನ ಡಾಕ್ಟ್ರಿಗೆ ತೋರಿಸಿ. ಕೆಂಪು ಹಸಿರು ಬೇರೆ ಮಾಡೋಕಾಗದ ಬಣ್ಣಗುರುಡು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲೇ ಜಾಸ್ತಿ.

ಪ್ರಶ್ನೆ: ಇಬ್ಬರು ಮಕ್ಕಳು, ದೊಡ್ಡವನಿಗೆ ಏಳು, ಚಿಕ್ಕವಳಿಗೆ ನಾಲ್ಕು. ಆಟಕ್ಕೆ ಕೂತ್ರೆ ದೊಡ್ಡವನೇ ಗೆಲ್ಲೋದು, ಚಿಕ್ಕವಳು ಅಳೋದು. ನಮ್ಮ ಮನೆಯವರು ಬೇಕು ಬೇಕಂತಾನೇ ಸೋತು ಅವಳನ್ನ ಗೆಲ್ಲಿಸ್ತಾರೆ, ಅದು ಗೊತ್ತಾಗಿ ದೊಡ್ಡವನು ರೇಗ್ತಾನೆ.

ಉತ್ತರ: ದೊಡ್ಡವನ ಸಿಟ್ಟು ನ್ಯಾಯವಾದದ್ದೇ ಅಲ್ವಾ! ಬೇಕಂತ ಸೋಲೋದು ಬಿಡಿ ಅಂತ ಯಜಮಾನರಿಗೆ ಹೇಳಿ. ಅದರ ಬದಲು ಇಬ್ಬರಿಗೂ ಬೇರೆ ಬೇರೆ ಕಷ್ಟ ಕೊಡಿ. ಒಂದೇ ಹರವಿನಲ್ಲಿ ಚಿಕ್ಕವಳು ಒಂದೇ ಥರದ ಎರಡು ಚಿತ್ರ ಹುಡುಕಲಿ, ದೊಡ್ಡವನು 5 ಅಂತ ಬರೆದ ಕಾರ್ಡಿಗೆ ಐದು ಚುಕ್ಕೆ ಇರೋ ಕಾರ್ಡ್ ಹುಡುಕಲಿ. ಈ ಅಂಕಿ ಚುಕ್ಕೆ ಕಾರ್ಡ್‌ಗಳನ್ನ ಅವನ ಕೈಯಲ್ಲೇ ಬರೆಸಿ, ಅರ್ಧ ಖುಷಿ ಅದರಲ್ಲೇ ಇದೆ. ಅಥವಾ ಯಾರೂ ಗೆಲ್ಲದ ಆಟ ಆಡಿ, ಸಿಕ್ಕ ಜೋಡಿ ಎಲ್ಲಾ ನಡುವೆ ಒಂದೇ ಗುಡ್ಡೆಗೆ, ಹಾಡು ಮುಗಿಯೋದ್ರೊಳಗೆ ಮನೆಯವರೆಲ್ಲಾ ಸೇರಿ ಎಲ್ಲಾ ಜೋಡಿ ಹುಡುಕ್ಬೇಕು.

2009ರಲ್ಲಿ ಫ್ರಾನ್ಸ್‌ನಲ್ಲಿ ಬಂದ ಡಾಬಲ್ ಅನ್ನೋ ಆಟಾನೂ ಜೋಡಿ ಹುಡುಕೋದೇ. 55 ದುಂಡನೆ ಕಾರ್ಡ್, ಒಂದೊಂದರಲ್ಲೂ 8 ಚಿತ್ರ, ಯಾವ ಎರಡು ಕಾರ್ಡ್ ತಗೊಂಡ್ರೂ ಸರಿಯಾಗಿ ಒಂದೇ ಒಂದು ಚಿತ್ರ ಎರಡರಲ್ಲೂ ಇರುತ್ತೆ. ಅದರ ಹಿಂದಿರೋ ಗಣಿತ ದೊಡ್ಡವನಿಗೆ ಇನ್ನೊಂದು ಹತ್ತು ವರ್ಷ ಆದ್ಮೇಲೆ ಬೇಕಾಗಬಹುದು, ಈಗ ಬೇಡ. ಆದ್ರೆ ಅದು ಸ್ಪೀಡಿನ ಆಟ, ಸ್ಪೀಡ್ ಅಂದ್ರೆ ಚಿಕ್ಕವಳು ಸೋತಂಗೇ. ಹಾಗಾಗಿ ಅವಳಿದ್ದಾಗ ಯಾರು ಮೊದಲು ಅನ್ನೋದನ್ನ ಬಿಟ್ಟು, ಎರಡೇ ಕಾರ್ಡ್ ಮಧ್ಯ ಇಟ್ಟು ಸರದಿ ಪ್ರಕಾರ ಹುಡುಕಿ.

ಪ್ರಶ್ನೆ: ಮೊಬೈಲಲ್ಲಿ ಜೋಡಿ ಹುಡುಕೋ ಆಪ್‌ಗಳು ಬೇಕಾದಷ್ಟಿವೆಯಲ್ಲ, ಅದೂ ಇದೂ ಒಂದೇ ತಾನೇ?

ಉತ್ತರ: ಒಂದೇ ಅಲ್ಲ. ಆಪ್‌ನಲ್ಲಿ ಜೋಡಿ ತಪ್ಪಾದ್ರೆ ಕಾರ್ಡ್ ತಾನಾಗೇ ಮುಚ್ಕೊಳ್ಳುತ್ತೆ, ಸರಿಯಾದ್ರೆ ಸಂಗೀತ ಬರುತ್ತೆ, ಮಗು ಸುಮ್ನೆ ಬೆರಳಲ್ಲಿ ಒತ್ತುತ್ತಾ ಹೋದ್ರೂ ಕೊನೆಗೆ ಆಟ ಮುಗಿಯುತ್ತೆ. ಎದುರಿಗೆ ಕೂತವರ ಮುಖ ನೋಡೋದು, ಅವರ ಸರದಿಗೆ ಕಾಯೋದು ಯಾವುದೂ ಅಲ್ಲಿಲ್ಲ. ಹಾಗಂತ ಯಾವತ್ತೂ ಮುಟ್ಟಬಾರದು ಅಂತ ನಾನು ಹೇಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಪ್ರಕಾರ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಸುಮ್ನೆ ಕೂತು ಸ್ಕ್ರೀನ್ ನೋಡೋದು ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆ ಆದ್ರೆ ಒಳ್ಳೇದೇ. ಕೊಟ್ರೂ ನೀವು ಪಕ್ಕದಲ್ಲೇ ಕೂತು ಒಂದು ಸಲ ಮಗು, ಒಂದು ಸಲ ನೀವು ಒತ್ತಿ. ಕಾರ್ಡ್ ಇರೋವಾಗ ಫೋನ್ ಯಾಕೆ ಅಂತ ಆಗ ನಿಮಗೇ ಅನ್ನಿಸಿದ್ರೂ ಅನ್ನಿಸಬಹುದು.